ಹನ್ನೆರಡನೆಯ ಮೊಳೆ

ಆ ಊರಿನಲ್ಲಿ ಮನುಷ್ಯನ ಓದನ್ನು ಅಳೆಯಲು ಅವನ ಮಾತು ಕೇಳುವ ತಾಪತ್ರಯವನ್ನು ಯಾರೂ ಹಚ್ಚಿಕೊಂಡಿರಲಿಲ್ಲ. ಅವನ ಮನೆಯ ಮುಂದಿನ ಕೋಣೆಯ ಗೋಡೆ ನೋಡಿದರೆ ಸಾಕಿತ್ತು. ತಾಮ್ರದ ತಗಡಿನಲ್ಲಿ ಕೆತ್ತಿ, ದಪ್ಪ ಕಾಗದಕ್ಕೆ ಅಚ್ಚು ಹಾಕಿ, ಕರಿ ಚೌಕಟ್ಟಿನಲ್ಲಿ ಕೂರಿಸಿದ ವಿದ್ವಾಂಸರ ಚಿತ್ರಗಳು ಎಷ್ಟಿವೆಯೋ ಅಷ್ಟು ಅವನ ತೂಕ. ಡಾಕ್ಟರ ಮನೆಯಲ್ಲಿ ಆರು ಮಂದಿ ವಿದ್ವಾಂಸರಿದ್ದರು, ವಕೀಲರ ಮನೆಯಲ್ಲಿ ಏಳು. ಮರದ ವ್ಯಾಪಾರದಲ್ಲಿ ದುಡ್ಡು ಮಾಡಿದ ಟಿಂಬರ್ ಸಾಹುಕಾರನ ಮನೆಯಲ್ಲಿ ಒಂಬತ್ತು. ಗಡ್ಡ ಬಿಟ್ಟವರನ್ನು ಅವನು ಮೇಲಿನ ಸಾಲಿಗೂ ಬೋಳಿಸಿದವರನ್ನು ಕೆಳಗಿನ ಸಾಲಿಗೂ ಹಾಕಿಸಿದ್ದ. ಅವರಲ್ಲಿ ಒಬ್ಬರ ಹೆಸರನ್ನಾದರೂ ಅವನು ನೆಟ್ಟಗೆ ಹೇಳಿದ್ದನ್ನು ಕೇಳಿದವರಿಲ್ಲ.

ಇಷ್ಟೂ ವಿದ್ವಾಂಸರನ್ನು ಊರಿಗೆ ಹಂಚಿದವನು ಒಬ್ಬನೇ ಮುದಿ ಕೆತ್ತನೆಗಾರ. ದುಡ್ಡು ಕೊಟ್ಟವರಿಗೆಲ್ಲ ಅವನು ಚಿತ್ರ ಮಾರುತ್ತಿದ್ದ, ಅದರಲ್ಲಿ ಅವನಿಗೆ ಯಾವ ಮುಜುಗರವೂ ಇರಲಿಲ್ಲ. ಆದರೆ ತನ್ನ ಮನೆಯ ಗೋಡೆಗೆ ಮಾತ್ರ ಒಂದು ಕಟ್ಟಳೆ ಮಾಡಿಕೊಂಡಿದ್ದ. ಪುಸ್ತಕ ಬರೆದು ಅಚ್ಚು ಹಾಕಿಸಿದವರು ಮಾತ್ರ ಆ ಗೋಡೆ ಏರಬೇಕು. ಅವನಿಗೆ ಉಳಿ ಹಿಡಿಯಲು ಕಲಿಸಿದ ಸ್ವಂತ ಅಪ್ಪನಿಗೂ ಅಲ್ಲಿ ಜಾಗ ಸಿಕ್ಕಿರಲಿಲ್ಲ. ಹನ್ನೊಂದು ಮಂದಿ ತೂಗುತ್ತಿದ್ದರು. ಹನ್ನೆರಡನೆಯ ಮೊಳೆಯನ್ನು ಹೆಂಡತಿ ಬದುಕಿದ್ದಾಗಲೇ ಹೊಡೆದು, ಈ ಮನೆಯಲ್ಲಿ ಯಾರ ಪುಸ್ತಕ ಮೊದಲು ಅಚ್ಚಾಗುತ್ತದೋ ಅವರಿಗಿದು ಎಂದು ಹೇಳಿ ಖಾಲಿ ಬಿಟ್ಟಿದ್ದ.

ಅದು ಮಗನಿಗೆಂದೇ ಎಲ್ಲರೂ ತಿಳಿದಿದ್ದರು. ಅಕ್ಷರ ಕೂಡಿಸಿ ಓದಿದ ದಿನವೇ ಅವನ ಅಮ್ಮ ಅವನನ್ನು ಪಂಡಿತ ಎಂದು ಕರೆದಿದ್ದಳು, ಆ ಹೆಸರು ಅಂಟಿಕೊಂಡಿತು. ಪಂಡಿತ ಈಗ ಕಾಲೇಜಿನಲ್ಲಿ ವ್ಯಾಕರಣದ ಮೇಷ್ಟ್ರು. ಅವನ ಪುಸ್ತಕ ಅಚ್ಚಿನಲ್ಲಿತ್ತು. ಅವನ ಮದುವೆಯಾದಾಗಲೂ ಅಚ್ಚಿನಲ್ಲಿತ್ತು, ಮಗಳು ಹುಟ್ಟಿದಾಗಲೂ ಅಚ್ಚಿನಲ್ಲಿತ್ತು. ಬಾಯಿ ಮುಚ್ಚದ ಆ ಮಗಳಿಗೆ ಮನೆಯವರು ಗಿಣಿ ಎಂದು ಹೆಸರಿಟ್ಟರು. ಅವಳು ಕಾಲೇಜು ಸೇರುವಷ್ಟು ದೊಡ್ಡವಳಾದರೂ ಪುಸ್ತಕ ಅಚ್ಚಿನಿಂದ ಹೊರಬಂದಿರಲಿಲ್ಲ.

ಆ ಮೊಳೆಯನ್ನು ಗೆದ್ದವಳು ಪಂಡಿತನ ಅಕ್ಕ. ಮದುವೆಯಾಗದೆ ಮನೆಯಲ್ಲೇ ಉಳಿದವಳು. ಅಡುಗೆ ಅವಳದು, ಹನ್ನೊಂದು ಮುಖಗಳ ಧೂಳು ಒರೆಸುವುದು ಅವಳದು, ಅಪ್ಪ ಕೆತ್ತಿದ ತಗಡಿಗೆ ಮಸಿ ತುಂಬಿ ಯಂತ್ರ ತಿರುಗಿಸಿ ಪ್ರತಿ ತೆಗೆಯುವುದೂ ಅವಳದೇ. ಇಷ್ಟೆಲ್ಲ ಮುಗಿದ ಮೇಲೆ ಸಿಗುವ ಸಂಜೆಗಳಲ್ಲಿ ನದಿಯ ದಂಡೆ, ರೈಲು ಹಳಿ, ಪಾಳುಬಿದ್ದ ಕಾರ್ಖಾನೆಯ ಅಂಗಳ ಸುತ್ತಿ ಹುಲ್ಲು ಕೀಳುತ್ತಿದ್ದಳು. ಬೀದಿಯವರು ಅವಳಿಗೆ ಹುಲ್ಲಕ್ಕ ಎಂದು ಹೆಸರಿಟ್ಟು ನಕ್ಕರು. ಅವಳೂ ನಕ್ಕು ಹುಲ್ಲು ಕೀಳುತ್ತಲೇ ಹೋದಳು. ಎಷ್ಟೋ ವರ್ಷದ ಮೇಲೆ ಆ ಹುಲ್ಲೆಲ್ಲ ಒಂದು ಪುಸ್ತಕವಾಯಿತು, ಅದು ಅಚ್ಚೂ ಆಯಿತು. ಪುಸ್ತಕವನ್ನು ಅಪ್ಪನ ಕೈಗಿಟ್ಟಾಗ ಅವನು ಹೊದಿಕೆಯನ್ನು ಮೂಗಿನ ಹತ್ತಿರ ಹಿಡಿದು ಅವಳ ಹೆಸರು ಓದಿದ. ಆಮೇಲೆ ಒಂದೇ ಮಾತು ಹೇಳಿದ.

"ನಾಳೆ ಬೆಳಿಗ್ಗೆ ಕಿಟಕಿ ಹತ್ರ ಕೂತ್ಕೋ."

ಬೆಳಗಿನ ಪಾತ್ರೆ ತೊಳೆದಿಟ್ಟು ಅವಳು ಅಮ್ಮನ ಶಾಲು ಹೊದ್ದು ಕೂರುತ್ತಿದ್ದಳು. ಮುಂದೆ ಮೇಜಿನ ಮೇಲೆ ಪುಸ್ತಕ ತೆರೆದಿರುತ್ತಿತ್ತು, ನರಿಬಾಲದ ಹುಲ್ಲಿನ ಚಿತ್ರವಿದ್ದ ಪುಟ. ಅದರ ಮೇಲೆ ಅವಳ ಎರಡು ಕೈ. ಅಪ್ಪ ಭೂತಗನ್ನಡಿ ಹಿಡಿದು ಕೆತ್ತುತ್ತ ಅಮ್ಮನ ಕಥೆ ಹೇಳುತ್ತಿದ್ದ, ತನ್ನ ಬಡತನದ ಕಥೆ ಹೇಳುತ್ತಿದ್ದ, ಹುಲ್ಲಿನ ಹೆಸರು ಕೇಳುತ್ತಿದ್ದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳಿಗೆ ಒಳಗೊಳಗೇ ಹಬ್ಬದಂತಿತ್ತು.

ಎಡಗೈಯ ಉಂಗುರದ ಬೆರಳನ್ನು ಮಾತ್ರ ಅವಳು ಮಡಚಿ ಅಡಗಿಸಲು ನೋಡಿದಳು. ಆ ಬೆರಳು ಸೊಟ್ಟ. ಹದಿನಾಲ್ಕರ ಹುಡುಗಿಯಾಗಿದ್ದಾಗ, ಪಂಡಿತನಿಗೆ ಪರೀಕ್ಷೆ ಇದೆಯೆಂದು ಅವನ ಪಾಳಿಯ ಕೆಲಸವನ್ನೂ ತಾನೇ ಮಾಡುತ್ತಿದ್ದಾಗ, ಯಂತ್ರದ ಉರುಳೆಗೆ ಸಿಕ್ಕಿ ಮುರಿದಿತ್ತು.

"ಇದು ಬೇಡಪ್ಪ, ಚೆನ್ನಾಗಿ ಕಾಣಲ್ಲ," ಅಂದಳು.

"ಇಡು ಹಾಗೇ. ಅದು ಸೊಟ್ಟ ಆಗಿದ್ದು ನನ್ನ ಯಂತ್ರದಲ್ಲಿ. ನಾನೇ ಮುಚ್ಚಿಟ್ರೆ ಹೇಗೆ?"

ಶಾಲಿನ ಮಡಿಕೆ, ಪುಸ್ತಕ, ಕೈ, ಕೊನೆಗೆ ಮುಖ. ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ತಗಡು ಮುಗಿದು ಇನ್ನೇನು ಮೊದಲ ಪ್ರತಿ ತೆಗೆಯಬೇಕು, ಅಷ್ಟರಲ್ಲಿ ಪಂಡಿತ ಓಡಿಬಂದು, ಚಿಕ್ಕಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ನೀನು ಹೋಗದಿದ್ದರೆ ಆಗುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿಸಿದ. ಟಿಕೆಟ್ಟನ್ನೂ ಅವನೇ ತೆಗೆಸಿದ. ತಮ್ಮನಿಗೆ ಎಷ್ಟು ಅಂತಃಕರಣ ಎಂದುಕೊಂಡು ಅವಳು ಹೋದಳು.

ಚಿಕ್ಕಮ್ಮನಿಗೆ ಸೊಂಟ ಉಳುಕಿದ್ದು ನಿಜ, ಆದರೆ ನೋಡಿಕೊಳ್ಳಲು ಮನೆ ತುಂಬ ಜನವಿದ್ದರು. "ನಾನು ಕರೆಸಿಲ್ಲ ಕಣೆ," ಅಂದಳು ಚಿಕ್ಕಮ್ಮ, "ನಿನ್ನ ತಮ್ಮನೇ ಫೋನ್ ಮಾಡಿ ಅಕ್ಕನ್ನ ಕಳಿಸ್ತೀನಿ, ಮೂರು ವಾರ ಇಟ್ಕೊಳ್ಳಿ ಅಂದ." ಹುಲ್ಲಕ್ಕ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಗಿಣಿ ದಿನಾ ಫೋನ್ ಮಾಡಿ ಅತ್ತೆ ಊಟ ಆಯ್ತಾ, ನಿದ್ದೆ ಬಂತಾ ಎಂದು ವಟವಟ ಮಾತಾಡುತ್ತಿದ್ದಳು. ತಗಡಿನ ವಿಷಯ ಕೇಳಿದರೆ, ತಾತ ಅದೇ ಕೆಲಸದಲ್ಲಿದ್ದಾರೆ ಅನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಮೂರು ವಾರದ ಮೇಲೆ ಹಿಂದಿರುಗಿ, ಚೀಲವನ್ನು ಕೆಳಗಿಡುವ ಮೊದಲೇ ಗೋಡೆ ನೋಡಿದಳು. ಹನ್ನೆರಡನೆಯ ಮೊಳೆಗೆ ಚೌಕಟ್ಟು ತೂಗುತ್ತಿತ್ತು. ಅಮ್ಮನ ಶಾಲು ಇತ್ತು. ಮೇಜು ಇತ್ತು, ನರಿಬಾಲದ ಹುಲ್ಲಿನ ಪುಟ ಇತ್ತು. ಪುಟದ ಮೇಲೆ ಅವಳ ಎರಡು ಕೈ ಇದ್ದವು, ಸೊಟ್ಟ ಬೆರಳು ಸೊಟ್ಟಗೇ ಇತ್ತು. ಶಾಲಿನ ಮೇಲೆ ಮಾತ್ರ ಪಂಡಿತನ ಮುಖವಿತ್ತು, ಕನ್ನಡಕದ ಸಮೇತ. ಪ್ರತಿ ತೆಗೆಯಲು ಬಾರದವರು ಯಾರೋ ತೆಗೆದಿದ್ದರಿಂದ ಚಿತ್ರವೆಲ್ಲ ಬೂದಿ ಬಡಿದಂತೆ ಮಾಸಿತ್ತು.

ಅವಳು ಚೀಲ ಕೆಳಗಿಟ್ಟಳು. ಒಳಗೆ ಹೋಗಿ ಕೈಕಾಲು ತೊಳೆದಳು, ಯಾಕೆಂದರೆ ಊಟದ ಹೊತ್ತಾಗಿತ್ತು. ತಮ್ಮನ ಹೆಂಡತಿ ರೊಟ್ಟಿ ಬಡಿಸುತ್ತಿದ್ದಳು. ಯಾರೂ ತಲೆ ಎತ್ತಲಿಲ್ಲ.

"ಅವು ನನ್ನ ಕೈ," ಅಂದಳು ಹುಲ್ಲಕ್ಕ.

ಪಂಡಿತ ರೊಟ್ಟಿ ಮುರಿದ. "ಮುಖ ಒಂದು ಬದಲಾಗಿದೆ, ಅಷ್ಟೇ ಅಕ್ಕ."

ಆಮೇಲೆ ಅವನು ಪಾಠ ಹೇಳುವವನಂತೆ ವಿವರಿಸಿದ. ಕಾಲೇಜಿಗೆ ಹೊಸ ಪ್ರಿನ್ಸಿಪಾಲರನ್ನು ಆರಿಸುತ್ತಿದ್ದಾರೆ. ಆರಿಸುವ ಕಮಿಟಿಗೆ ಟಿಂಬರ್ ಸಾಹುಕಾರನೇ ಅಧ್ಯಕ್ಷ. ಅವನು ಒಬ್ಬೊಬ್ಬರ ಮನೆಗೂ ಬಂದು ಗೋಡೆ ನೋಡಿ ತೀರ್ಮಾನಿಸುತ್ತಾನೆ. ಈ ಮನೆಯ ಗೋಡೆಯ ಕಟ್ಟಳೆ ಊರಿಗೇ ಗೊತ್ತು. ಇಲ್ಲಿ ಏರಿದವನ ವಿದ್ಯೆಯನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ಹೊಸ ತಗಡಿಗೆ ತಿಂಗಳುಗಟ್ಟಲೆ ಬೇಕು, ಅಪ್ಪನ ಕಣ್ಣು ಅಷ್ಟು ದಿನ ತಡೆಯುವುದಿಲ್ಲ. ಮೈ ಹೇಗೂ ಸಿದ್ಧವಾಗಿತ್ತು, ಮುಖ ಹೆರೆದು ಕೆತ್ತಿದರೆ ಮುಗಿಯಿತು.

"ನಿನ್ನ ಪುಸ್ತಕ ಎಲ್ಲಿ?"

"ಅಚ್ಚಿನಲ್ಲಿದೆ."

ಅವಳು ಅಪ್ಪನ ಕಡೆ ತಿರುಗಿದಳು. "ಕಟ್ಟಳೆ ನಿಂದಲ್ವಾ ಅಪ್ಪಾ?"

"ಊಟ ಮಾಡುವಾಗ ಬೇಡ," ಅಂದ ಅಪ್ಪ. ಅವನ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಹಾಗೇ ಇತ್ತು.

"ಅತ್ತಿಗೆ, ಸ್ವಲ್ಪ ಯೋಚನೆ ಮಾಡಿ," ಅಂದಳು ತಮ್ಮನ ಹೆಂಡತಿ. "ಈ ಕೆಲಸ ಸಿಕ್ಕರೆ ಕಾಲೇಜಿನವರೇ ಮನೆ ಕೊಡ್ತಾರೆ. ನಿಮಗೂ ಒಂದು ಒಳ್ಳೇ ಕಿಟಕಿ ಇರೋ ಕೋಣೆ ಸಿಗುತ್ತೆ."

"ನನಗೆ ಈ ಕಿಟಕಿನೇ ಸಾಕಾಗಿತ್ತು ಕಣಮ್ಮ."

ಗಿಣಿ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಅದನ್ನು ಕಂಡಾಗ ಹುಲ್ಲಕ್ಕನಿಗೆ ಅನುಮಾನ ಬಂತು. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹರವುವಾಗ ಕೇಳಿಯೇ ಬಿಟ್ಟಳು. ಹುಡುಗಿ ಒದ್ದೆ ಟವೆಲನ್ನು ಹಿಂಡಿದ್ದನ್ನೇ ಹಿಂಡುತ್ತ, ಹೇಳಬೇಡ ಅಂತ ಅಪ್ಪ ಹೇಳಿದ್ದರು ಎಂದಳು. ಆಮೇಲೆ ನಿಧಾನವಾಗಿ ಇನ್ನೊಂದು ಮಾತೂ ಹೊರಬಿತ್ತು.

"ತಾತನಿಗೆ ಕೈ ನಡುಗ್ತಿತ್ತು ಅತ್ತೆ. ಭೂತಗನ್ನಡಿ ನಾನೇ ಹಿಡ್ಕೊಂಡಿದ್ದೆ."

"ನನ್ನ ಮುಖ ಹೆರೆಯುವಾಗ?"

ಗಿಣಿ ತಲೆಯಾಡಿಸಿದಳು. ಎತ್ತಿ ಆಡಿಸಿದ ಮಗು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡ ಮಗು. ಹುಲ್ಲಕ್ಕ ಅವಳ ಕೈಯಿಂದ ಟವೆಲು ತೆಗೆದುಕೊಂಡು ತಾನೇ ಕೊಡವಿ ಹರವಿದಳು. ಆ ಮನೆಯಲ್ಲಿ ಈ ವಿಷಯ ಗೊತ್ತಿಲ್ಲದಿದ್ದವಳು ತಾನೊಬ್ಬಳೇ ಎಂಬುದು ಅವಳಿಗೆ ಆಗ ಅರಿವಾಯಿತು.

ಮುಂದಿನ ವಾರ ಟಿಂಬರ್ ಸಾಹುಕಾರ ಬಂದ. ಗೋಡೆಯ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು, ಮರದ ದಿಮ್ಮಿಯನ್ನು ನೋಡುವವನಂತೆ ಒಂದೊಂದನ್ನೂ ನೋಡುತ್ತ ಹನ್ನೆರಡನೆಯದರ ಮುಂದೆ ನಿಂತ. ಪುಸ್ತಕದಲ್ಲಿ ಏನೋ ಗಿಡವಿದೆಯಲ್ಲ, ತಾವು ವ್ಯಾಕರಣದವರಲ್ಲವೇ ಎಂದು ಕೇಳಿದ. ಪಂಡಿತ ತಡವರಿಸಲಿಲ್ಲ. ಅದು ಸಂಕೇತ, ಭಾಷೆಯೂ ಹುಲ್ಲಿನ ಹಾಗೆ, ಯಾರೂ ನೀರೆರೆಯದೆ ಬೆಳೆಯುತ್ತದೆ ಎಂದ. ಸಾಹುಕಾರನಿಗೆ ಅದು ಬಹಳ ಹಿಡಿಸಿತು. ಎರಡು ಸಲ ತಾನೂ ಹೇಳಿ ನೋಡಿದ.

"ಈ ಬೆರಳು ಯಾಕೆ ಹೀಗಿದೆ?"

ಹುಲ್ಲಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಂಡಿತ ತನ್ನ ಎಡಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

"ಚಿಕ್ಕಂದಿನಲ್ಲಿ ಅಪ್ಪನಿಗೆ ಸಹಾಯ ಮಾಡ್ತಾ ಯಂತ್ರಕ್ಕೆ ಸಿಕ್ಕಿತ್ತು. ಬಡತನ ನೋಡಿ. ಒಂದು ಕಡೆ ಓದು, ಒಂದು ಕಡೆ ಕೆಲಸ."

ಸಾಹುಕಾರನ ಕಣ್ಣು ಒದ್ದೆಯಾಯಿತು. ಹುಲ್ಲಕ್ಕ ಚಹಾ ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಸೊಟ್ಟ ಬೆರಳಿಗೆ ತಾಗಿತು, ಆದರೆ ಅವನು ಗೋಡೆಯ ಕಡೆಗೇ ನೋಡುತ್ತಿದ್ದ. ಮುಖ ಕಳೆದುಕೊಂಡದ್ದನ್ನು ಹೇಗೋ ನುಂಗಿಕೊಂಡಿದ್ದಳು. ತನ್ನ ನೋವನ್ನೂ ತಮ್ಮ ಎತ್ತಿಕೊಂಡು ಹೋದದ್ದನ್ನು ಮಾತ್ರ ನುಂಗಲಾಗಲಿಲ್ಲ.

ಹೋಗುವಾಗ ಸಾಹುಕಾರ, ಪ್ರಿನ್ಸಿಪಾಲ್ ಕೆಲಸ ಇವರಿಗೇ ಎಂದು ಹೇಳಿಯೇ ಹೋದ. ಕಾಲೇಜಿನ ಸಭಾಂಗಣದಲ್ಲಿ ಚಿತ್ರ ಹಾಕಬೇಕು, ತನ್ನ ಮನೆಗೂ ಒಂದು ಬೇಕು, ಆದರೆ ಈ ಪ್ರತಿ ಮಂಕಾಗಿದೆ, ಕಪ್ಪು ಕಪ್ಪಾಗಿ ಚೆನ್ನಾಗಿ ಮೂಡಿದ್ದು ಬೇಕು, ತಾನೇ ಬಂದು ಒಯ್ಯುತ್ತೇನೆ ಎಂದ.

ಅಲ್ಲಿಗೆ ಮನೆಯವರೆಲ್ಲ ಹುಲ್ಲಕ್ಕನ ಮುಖ ನೋಡುವಂತಾಯಿತು. ತಗಡಿಗೆ ಎಷ್ಟು ಮಸಿ ಹಚ್ಚಬೇಕು, ಅಂಗೈಯಿಂದ ಎಷ್ಟು ಒರೆಸಬೇಕು ಎಂಬುದು ಅಪ್ಪನನ್ನು ಬಿಟ್ಟರೆ ಆ ಮನೆಯಲ್ಲಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಅಪ್ಪನ ತೋಳಲ್ಲಿ ಯಂತ್ರ ತಿರುಗಿಸುವ ಕಸುವಿರಲಿಲ್ಲ. ಪಂಡಿತ ಆ ಕೋಣೆಗೆ ಕಾಲಿಟ್ಟರೆ ಅಂಗಿ ಕೊಳೆಯಾಗುತ್ತಿತ್ತು.

ಅವಳು ಆಗುವುದಿಲ್ಲ ಎಂದಳು. ಅಡುಗೆ ನಿಲ್ಲಿಸಲಿಲ್ಲ, ಕಸ ಗುಡಿಸುವುದು ನಿಲ್ಲಿಸಲಿಲ್ಲ, ಹನ್ನೊಂದು ಚಿತ್ರಗಳ ಧೂಳನ್ನೂ ಒರೆಸಿದಳು. ಯಂತ್ರದ ಕೋಣೆಗೆ ಮಾತ್ರ ಹೋಗಲಿಲ್ಲ. ಪಂಡಿತ ರೇಗಿದ, ಆಮೇಲೆ ಹೊಸ ಮನೆಯ ಕಿಟಕಿಗಳನ್ನು ಎಣಿಸಿ ಹೇಳಿದ, ಆಮೇಲೆ ಒಡಹುಟ್ಟಿದವಳೇ ಹೀಗೆ ಮಾಡಿದರೆ ಹೇಗೆ ಎಂದು ಹೆಂಡತಿಯ ಮುಂದೆ ಮೂಗೆಳೆದ. ಅತ್ತಿಗೆಗೆ ಹೊಟ್ಟೆಕಿಚ್ಚು ಎಂದು ತಮ್ಮನ ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿದ್ದು ಹುಲ್ಲಕ್ಕನ ಕಿವಿಗೂ ಬಿತ್ತು. ಹೀಗೆ ಎರಡು ವಾರ ಕಳೆಯಿತು.

ಕೊನೆಗೆ ಅಪ್ಪ ಗೋಡೆ ತಡವುತ್ತ ಅಡುಗೆಮನೆಗೆ ಬಂದ. ಅವನು ಅಡುಗೆಮನೆಗೆ ಬರುವವನೇ ಅಲ್ಲ.

"ಇದು ನನ್ನ ಕೊನೇ ತಗಡು ಮಗಳೇ," ಅಂದ. "ಕೆಳಗೆ ನನ್ನ ಗುರುತಿದೆ. ಬೂದಿ ಬಣ್ಣದ ಪ್ರತಿ ನೋಡಿ, ಮುದುಕನ ಕೈ ಹೋಯ್ತು ಅಂತಾರೆ ಜನ. ಅಷ್ಟು ಉಳಿಸಿಕೊಡು."

ಅವಳು ಸೋತಳು. ತಮ್ಮನ ಮೇಲೆ ಎಷ್ಟು ಸಿಟ್ಟಿದ್ದರೂ ಅಪ್ಪನ ವಿಷಯ ಬಂದರೆ ಅವಳು ಮೇಣವೇ. ಮರುದಿನ ಬೆಳಿಗ್ಗೆ ತಗಡನ್ನು ಬೆಚ್ಚಗೆ ಮಾಡಿ, ಗೆರೆಗೆರೆಗೂ ಮಸಿ ತುಂಬಿ, ಅಂಗೈಯಲ್ಲಿ ಹಗುರಾಗಿ ಒರೆಸಿ, ಒದ್ದೆ ಕಾಗದ ಹಾಸಿ ಯಂತ್ರ ತಿರುಗಿಸಿದಳು. ಕಾಗದ ಎತ್ತಿ ಬೆಳಕಿಗೆ ಹಿಡಿದಳು.

ಪಂಡಿತನ ಮುಖ ಕಪ್ಪಗೆ, ಸ್ಪಷ್ಟವಾಗಿ ಮೂಡಿತ್ತು. ಅದರ ಸುತ್ತ ತೆಳ್ಳಗೆ ಇನ್ನೊಂದು ತಲೆ ಇತ್ತು. ಅವಳ ತುರುಬು. ಅವಳ ಕಿವಿ. ತಮ್ಮನ ಕೆನ್ನೆಯ ಮೇಲೆ ಅವಳ ದವಡೆಯ ಗೆರೆ ಹಾದುಹೋಗಿತ್ತು. ಕೆತ್ತಿದ ಗೆರೆಯನ್ನು ಪೂರ್ತಿ ಅಳಿಸಬೇಕಾದರೆ ತಾಮ್ರವನ್ನು ಆಳಕ್ಕೆ ಹೆರೆಯಬೇಕು, ಆಮೇಲೆ ಹಿಂದಿನಿಂದ ತಟ್ಟಿ ಮಟ್ಟ ಮಾಡಬೇಕು. ಅಪ್ಪ ಮೇಲೆಮೇಲೆ ಹೆರೆದಿದ್ದ. ಮಸಿ ಕಡಿಮೆ ಬಿದ್ದ ಮೊದಲ ಪ್ರತಿಯಲ್ಲಿ ಅದು ಕಂಡಿರಲಿಲ್ಲ.

ಕೈಯ ಮಸಿಯನ್ನೂ ತೊಳೆಯದೆ ಅವಳು ಕಾಗದ ಹಿಡಿದು ಅಪ್ಪನ ಹತ್ತಿರ ಹೋದಳು. ನಿನ್ನ ಮುಖ ಹೆರೆಯಲು ನನಗೆ ಮನಸ್ಸು ಬರಲಿಲ್ಲ ಮಗಳೇ ಎಂದು ಅವನು ಒಂದು ಮಾತು ಹೇಳಿದ್ದರೆ, ಅವಳು ಎಲ್ಲವನ್ನೂ ಅಲ್ಲೇ ಮರೆತು ನೂರು ಪ್ರತಿ ತೆಗೆದುಕೊಡುತ್ತಿದ್ದಳು.

"ಆಳಕ್ಕೆ ಹೆರೆದಿಲ್ಲ ನೀನು ಅಪ್ಪಾ. ನಾನು ಇನ್ನೂ ಕಾಣ್ತಿದೀನಿ."

ಅಪ್ಪ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಅಯ್ಯೋ," ಅಂದ. "ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ. ಕಣ್ಣು ಕಾಣಲಿಲ್ಲ ನೋಡು."

ಅವಳು ಕಾದಳು.

"ನಿನ್ನ ಕಣ್ಣು ಚುರುಕು. ನೀನೇ ಕೂತು ಹೆರೆದುಬಿಡು. ಸಾಹುಕಾರ ಬರೋದರೊಳಗೆ ಆಗಬೇಕು. ನಿನ್ನದು ಅನ್ನೋದು ಒಂದು ಗೆರೆನೂ ಉಳೀಬಾರದು."

"ಒಂದು ಗೆರೆನೂ?"

"ಒಂದೂ."

ಹುಲ್ಲಕ್ಕ ಅಪ್ಪನ ಮುಖವನ್ನು ನೋಡಿದಳು. ಆಗಲಿ ಎಂದಳು.

ಮಾರನೆಯ ದಿನದಿಂದ ಬೆಳಗಿನ ಪಾತ್ರೆ ತೊಳೆದಿಟ್ಟು ಅವಳು ಅದೇ ಕಿಟಕಿಯ ಹತ್ತಿರ ಕೂತಳು. ಮುಂದೆ ತಗಡು, ಕೈಯಲ್ಲಿ ಹೆರೆಯುವ ಉಳಿ. ಅತ್ತಿಗೆ ದಾರಿಗೆ ಬಂದರು ಎಂದು ತಮ್ಮನ ಹೆಂಡತಿ ಎರಡು ಹೊತ್ತೂ ಚಹಾ ತಂದಿಟ್ಟಳು. ಪಂಡಿತ ದೂರದಿಂದಲೇ ಮೆಚ್ಚಿಕೊಂಡ. ಭೂತಗನ್ನಡಿ ಹಿಡಿಯಲೇ ಎಂದು ಗಿಣಿ ಕೇಳಿದಾಗ, ಬೇಡ, ನನಗೆ ಕಾಣುತ್ತೆ ಎಂದಳು.

ಮೊದಲು ತುರುಬು ಹೆರೆದಳು. ಕಿವಿ, ದವಡೆ. ಕೆನ್ನೆಯ ಮೇಲೆ ಹಾದ ಗೆರೆಯನ್ನು ತಮ್ಮನ ಮುಖಕ್ಕೆ ಒಂದು ಗೀರೂ ಬೀಳದಂತೆ ತೆಗೆದಳು. ಅಪ್ಪ ಕೇಳಿದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಅವಳದು ಅನ್ನುವುದು ಇನ್ನೂ ಬಹಳ ಉಳಿದಿತ್ತು. ಅವಳು ಅಮ್ಮನ ಶಾಲನ್ನು ಮಡಿಕೆ ಮಡಿಕೆಯಾಗಿ ಹೆರೆದಳು. ಮೇಜು, ಪುಸ್ತಕದ ಅಂಚು, ನರಿಬಾಲದ ಹುಲ್ಲಿನ ಕೂದಲೆಳೆಯಂಥ ಗೆರೆಗಳು. ಆಮೇಲೆ ಕೈ. ಕೊನೆಗೆ ಉಳಿದದ್ದು ಸೊಟ್ಟ ಬೆರಳು. ಅಪ್ಪ ಎಷ್ಟು ಜತನದಿಂದ ಕೆತ್ತಿದ್ದನೆಂದರೆ ಗೆಣ್ಣಿನ ಹೊಲಿಗೆಯ ಗುರುತೂ ಅದರಲ್ಲಿತ್ತು. ಅದರ ಮೇಲೆ ಉಳಿ ಇಡುವಾಗ ಅವಳಿಗೆ ಅಳು ಬಂತು. ಮುಖ ಒರೆಸಿಕೊಂಡು ಅದನ್ನೂ ಹೆರೆದಳು. ಹಿಂದಿನಿಂದ ತಟ್ಟಿ, ಉಕ್ಕಿನ ಕಡ್ಡಿಯಿಂದ ಉಜ್ಜಿ ನುಣ್ಣಗೆ ಮಾಡಿದಳು.

ಸಾಹುಕಾರ ಮಧ್ಯಾಹ್ನದ ಊಟಕ್ಕೇ ಬಂದ. ತಮ್ಮನ ಹೆಂಡತಿ ಒಳ್ಳೆಯ ತಟ್ಟೆಗಳನ್ನು ತೆಗೆದಿದ್ದಳು. ಒಳಗಿನಿಂದ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು. ಬಿಸಿ ಬಿಸಿ ಪ್ರತಿ ಬರುತ್ತಿದೆ ಎಂದು ಪಂಡಿತ ಚಟಾಕಿ ಹಾರಿಸಿದ. ಹುಲ್ಲಕ್ಕ ಒದ್ದೆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ತಂದು, ಮೇಜಿನ ಮೇಲೆ ಸಾಹುಕಾರನ ಮುಂದೆ ಹಾಸಿದಳು.

ದೊಡ್ಡ ಬಿಳಿ ಕಾಗದ. ಅದರ ಮೇಲ್ಭಾಗದಲ್ಲಿ ಪಂಡಿತನ ತಲೆ, ಕನ್ನಡಕದ ಸಮೇತ, ಮಸಿಯಲ್ಲಿ ಮಿಂದಂತೆ ಕಪ್ಪಗೆ ಮೂಡಿತ್ತು. ಕೊರಳ ಕೆಳಗೆ ಏನೂ ಇರಲಿಲ್ಲ. ಕಾಗದದ ಅಡಿಯಲ್ಲಿ ಅಪ್ಪನ ಗುರುತು ಮಾತ್ರ ಇತ್ತು.

ಸಾಹುಕಾರ ಕಾಗದವನ್ನು ಒಮ್ಮೆ ಹಿಂದೆ ತಿರುಗಿಸಿ ನೋಡಿದ, ಉಳಿದದ್ದು ಅಲ್ಲಿರಬಹುದು ಎನ್ನುವಂತೆ.

"ಪುಸ್ತಕ ಎಲ್ಲಿ? ಕೈ ಎಲ್ಲಿ?" ಎಂದು ಸಾಹುಕಾರ ಕೇಳಿದ.

ಪಂಡಿತ ಎರಡು ಸಲ ಬಾಯಿ ತೆರೆದ. ಯಾವ ಸಂಕೇತವೂ ನೆರವಿಗೆ ಬರಲಿಲ್ಲ. ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಗಿಣಿ ತಟ್ಟೆ ನೋಡುತ್ತಲೇ ಹೇಳಿದಳು.

"ಅವು ಅತ್ತೆದು."

ಸಾಹುಕಾರ ಮೊದಲು ಪಂಡಿತನ ಎಡಗೈ ನೋಡಿದ. ರೊಟ್ಟಿ ಮುರಿಯಲು ಎರಡೂ ಕೈ ಹಚ್ಚಿದ್ದರಿಂದ ಅದನ್ನು ಜೇಬಿಗೆ ಇಳಿಸುವಂತಿರಲಿಲ್ಲ. ಆಮೇಲೆ ಮೇಜಿನ ಅಂಚಿನಲ್ಲಿದ್ದ ಹುಲ್ಲಕ್ಕನ ಕೈ ನೋಡಿದ. ಅವನು ವಿದ್ವಾಂಸನಲ್ಲ, ಆದರೆ ಕುರುಡನೂ ಅಲ್ಲ. ಊಟ ಅರ್ಧಕ್ಕೇ ಬಿಟ್ಟು, ಮುಖ ಗಂಟಿಕ್ಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಪಂಡಿತ ಹಿಂದೆಯೇ ಓಡಿದ. ಅವನ ಹೆಂಡತಿ ಅಳುತ್ತ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಗಿಣಿ ಅವಳ ಹಿಂದೆ ಹೋದಳು.

ಮೇಜಿನಲ್ಲಿ ಅಪ್ಪ ಒಬ್ಬನೇ ಉಳಿದ. ಏನಾಯಿತೆಂದು ಅವನಿಗೆ ಪೂರ್ತಿ ಕಂಡಿರಲಿಲ್ಲ.

"ತಗಡು ಕೊಡು," ಅಂದ.

ಅವಳು ತಂದು ಅವನ ಕೈಗಿಟ್ಟಳು. ಅಪ್ಪ ಹೆಬ್ಬೆರಳನ್ನು ತಗಡಿನ ಮೇಲೆ ಆಡಿಸಿದ. ಮಗನ ಮುಖ ಸಿಕ್ಕಿತು. ಅಲ್ಲಿಂದ ಕೆಳಗೆ ಜಾರಿದ ಬೆರಳಿಗೆ ಏನೂ ತಾಗಲಿಲ್ಲ. ಬಲಕ್ಕೆ ಹುಡುಕಿದ, ಎಡಕ್ಕೆ ಹುಡುಕಿದ. ಒಂದು ಕಡೆ ಬಂದು ಹೆಬ್ಬೆರಳು ನಿಂತಿತು. ಅಲ್ಲೇ ಉಜ್ಜಿದ, ಮತ್ತೆ ಉಜ್ಜಿದ.

"ಇಲ್ಲಿ ನಿನ್ನ ಬೆರಳಿತ್ತು," ಅಂದ.

"ಇತ್ತು," ಅಂದಳು ಹುಲ್ಲಕ್ಕ. "ಒಂದು ಗೆರೆನೂ ಬೇಡ ಅಂದ್ಯಲ್ಲ ಅಪ್ಪಾ."

ಅವನ ತಟ್ಟೆ ಖಾಲಿಯಾಗಿತ್ತು. ಅವಳು ಇನ್ನೊಂದು ರೊಟ್ಟಿ ಬಡಿಸಿದಳು.